ಕೊಡಲಾರದವನು, ಕೊಡಲೊಲ್ಲದವನು



ಕಳೆದ ವರ್ಷ ಕ್ಷಮಾವಣಿಯ ಮರುದಿನ ಸಂಜೆ ನಮ್ಮ ಮನೆಗೆ ಒಬ್ಬ ತರುಣನು ಬಂದನು. ಅವನ ತಂದೆಯವರು ನನ್ನ ಬಾಲ್ಯದ ಗೆಳೆಯರು. ಆದ್ದರಿಂದ ಅವನು ನನ್ನನ್ನು ‘ಕಾಕಾ’ ಎಂದೇ ಕರೆಯುವನು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಒಂಬತ್ತು ವರ್ಷ ದುಡಿದವನು. ಕೆಲಸ ಹೋಗಿ ಹನ್ನೊಂದು ತಿಂಗಳಾಗಿತ್ತು. ಹೆಂಡತಿ ಮಕ್ಕಳೊಡನೆ ಊರಿಗೆ ಬಂದು ತಂದೆಯ ಮನೆಯಲ್ಲಿ ಇದ್ದನು. ಅವನ ಕೈಯಲ್ಲಿ ಒಂದು ಚೀಲವಿತ್ತು. ಚೀಲದಲ್ಲಿ ಮೂರು ಕ್ರೆಡಿಟ್ ಕಾರ್ಡುಗಳ ಲೆಕ್ಕಪತ್ರಗಳು. ಮೂರರ ಬಾಕಿಯೂ ಸೇರಿ 6,40,000 ರೂಪಾಯಿ.

ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಕೊನೆಗೆ ಅವನು ಕೇಳಿದ ಮಾತು ಇದು: “ಕಾಕಾ, ನಿನ್ನೆ ಬಸದಿಯೊಳಗ ಎಲ್ಲಾರ ಕ್ಷಮಾ ಕೇಳಿದೆ. ಯಾರ ರೊಕ್ಕ ಕೊಡಬೇಕಾಗೇದೋ ಅವರ ಕ್ಷಮಾ ಕೇಳಲಿಲ್ಲ. ಅಚೌರ್ಯ ಅಣುವ್ರತ ತಗೊಂಡಾಂವ ನಾನು. ಈಗ ನಾ ಕಳ್ಳ ಆದಂಗಾತೇನ್ರಿ?”

ನಲವತ್ತು ವರ್ಷ ಕಿರ್ದಿ-ಖತಾವಣಿ ಬರೆದ ನನಗೆ, ಯಾರು ಯಾರಿಗೆ ಎಷ್ಟು ಕೊಡತಕ್ಕದ್ದು ಎಂಬುದನ್ನು ಹೇಳಲು ಬರುತ್ತದೆ. ಈ ಪ್ರಶ್ನೆಗೆ ಮಾತ್ರ ಥಟ್ಟನೆ ಉತ್ತರ ಹೇಳಲು ಬಾಯಿ ಬರಲಿಲ್ಲ. ಅದಕ್ಕೆ ಒಂದು ಸ್ವಂತ ಕಾರಣವೂ ಇತ್ತು. ಅದನ್ನು ಲೇಖನದ ಕೊನೆಯ ಭಾಗದಲ್ಲಿ ನಿವೇದಿಸಿಕೊಳ್ಳುವೆನು. ಇಂತಹ ಪ್ರಶ್ನೆ ಇಂದು ನಮ್ಮ ಅನೇಕ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದೆ ಎಂಬುದನ್ನು ನಾನು ಬಲ್ಲೆ. ಆದ್ದರಿಂದ ಅವನಿಗೆ ನಿಧಾನವಾಗಿ ಕೊಟ್ಟ ಉತ್ತರವನ್ನು, ಅವನ ಅನುಮತಿ ಪಡೆದು, ಗುರುತು ಮರೆಸಿ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಳವು ಎಂದರೇನು ಎಂಬುದನ್ನು ನೋಡೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅದರ ಲಕ್ಷಣವನ್ನು ಅತಿ ಸಂಕ್ಷೇಪವಾಗಿ ಹೇಳಿದ್ದಾರೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಕಳವು ಎಂಬುದು ಅದರ ತಾತ್ಪರ್ಯ. ಈ ಲಕ್ಷಣವನ್ನು ಮೇಲುಮೇಲಕ್ಕೆ ಹಿಡಿದರೆ ಸಾಲದ ಹಣ ಕಳವಾಗಲಾರದು. ಏಕೆಂದರೆ ಬ್ಯಾಂಕು ತಾನಾಗಿಯೇ ಅದನ್ನು ಕೊಟ್ಟಿದೆ. ಆದರೆ ಹಿಂಸೆಯ ಲಕ್ಷಣ ಹೇಳುವಾಗ ಬಂದ ‘ಪ್ರಮತ್ತಯೋಗ’ವೆಂಬ ಪದವು ಮುಂದಿನ ಪಾಪಗಳಿಗೂ ಅನ್ವಯಿಸುವುದೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಲ್ಲಿ ಸಂಕ್ಲೇಶ ಪರಿಣಾಮದಿಂದ ಪ್ರವೃತ್ತಿಯಾಗುವುದೋ ಅಲ್ಲಿ, ಹೊರಗಿನ ವಸ್ತು ಕೈಗೆ ಬಂದರೂ ಬಾರದಿದ್ದರೂ, ಕಳವು ಆಯಿತೆಂದೇ ನಿರ್ಣಯಿಸುತ್ತಾರೆ. ಅಂದರೆ ವಸ್ತುವಿಗಿಂತ ಮೊದಲು ಮನಸ್ಸನ್ನು ಪರೀಕ್ಷಿಸಬೇಕು.

ಈ ಪರೀಕ್ಷೆಯನ್ನು ಸಾಲಕ್ಕೆ ಹಚ್ಚಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸಾಲ ಕೊಡುವವನು ಹಣ ಕೊಡುವುದು ಅದು ಹಿಂತಿರುಗುವುದೆಂಬ ಕರಾರಿನ ಮೇಲೆ ಮತ್ತು ಸಾಲಗಾರನು ತನ್ನ ಸ್ಥಿತಿಯ ಬಗ್ಗೆ ಹೇಳಿದ್ದು ನಿಜವೆಂಬ ನಂಬಿಕೆಯ ಮೇಲೆ. ಹಿಂತಿರುಗಿಸುವ ಮನಸ್ಸಿಲ್ಲದೆ ತೆಗೆದುಕೊಂಡರೆ, ಅಥವಾ ಸುಳ್ಳು ಹೇಳಿ ತೆಗೆದುಕೊಂಡರೆ, ಆ ಹಣ ನಮ್ಮ ಕೈಗೆ ಬಂದಿದ್ದರೂ ಧರ್ಮದೃಷ್ಟಿಯಿಂದ ಅದು ‘ಕೊಟ್ಟದ್ದು’ ಆಗುವುದಿಲ್ಲ. ಕೊಡುವ ಮನಸ್ಸಿಟ್ಟು, ನಿಜ ಹೇಳಿ ತೆಗೆದುಕೊಂಡು, ಆಮೇಲೆ ಕೈಲಾಗದೆ ಹೋದರೆ ಅದು ಬೇರೆ ಮಾತು. ಕೊಡಲಾರದವನು ಒಬ್ಬ, ಕೊಡಲೊಲ್ಲದವನು ಇನ್ನೊಬ್ಬ. ಊರ ಕಣ್ಣಿಗೆ ಇಬ್ಬರೂ ಒಂದೇ ತೆರನಾಗಿ ಕಾಣುವರು. ಶಾಸ್ತ್ರದ ಕಣ್ಣಿಗೆ ಹಾಗಲ್ಲ.

ಆ ತರುಣನೊಡನೆ ಎರಡು ರಾತ್ರಿ ಕುಳಿತು ಲೆಕ್ಕಪತ್ರಗಳನ್ನು ತಿಂಗಳವಾರು ಬಿಡಿಸಿದೆನು. ಬಡ್ಡಿ ದಂಡಗಳನ್ನೂ ಸೇರಿಸಿ ಬಾಕಿಯು ಮೂರು ಭಾಗವಾಯಿತು. 2,10,000 ರೂಪಾಯಿ ಕೆಲಸದಲ್ಲಿದ್ದಾಗಲೇ ಉಳಿದದ್ದು: ತಂದೆಯವರ ಚಿಕಿತ್ಸೆ, ಮನೆಯ ಸಾಮಾನು, ಒಂದು ಪ್ರವಾಸ. 2,45,000 ರೂಪಾಯಿ ಕೆಲಸ ಹೋದ ಮೊದಲ ಆರು ತಿಂಗಳಿನದು: ಮನೆ ಬಾಡಿಗೆ, ಮಕ್ಕಳ ಶಾಲೆಯ ಫೀ, ಕಿರಾಣಿ. ಉಳಿದ 1,85,000 ರೂಪಾಯಿ ಅನಂತರದ್ದು. ಇದರಲ್ಲಿ ಒಂದು ಕಾರ್ಡಿನಿಂದ ನಗದು ತೆಗೆದು ಇನ್ನೊಂದಕ್ಕೆ ಕಟ್ಟಿದ್ದಿತು. ಮೂರನೆಯ ಕಾರ್ಡನ್ನಂತೂ ಬಿಟ್ಟುಹೋದ ನೌಕರಿಯ ಹೆಸರನ್ನೂ ಹಳೆಯ ಪಗಾರವನ್ನೂ ಅರ್ಜಿಯಲ್ಲಿ ತೋರಿಸಿ ಪಡೆದದ್ದಾಗಿತ್ತು.

ಮೊದಲನೆಯ ಭಾಗದಲ್ಲಿ ಕಳವಿನ ಗಂಧವಿಲ್ಲ. ಇದ್ದರೆ ಪರಿಗ್ರಹದ ದೋಷವಿದ್ದೀತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭಗಳೊಡನೆ ಅತಿಭಾರವಹನವನ್ನೂ ಎಣಿಸಿದ್ದಾರೆ. ಲೋಭದಿಂದ ಎತ್ತು ಕತ್ತೆಗಳ ಮೇಲೆ ಶಕ್ತಿ ಮೀರಿ ಹೇರು ಹೇರುವುದು ಅದರ ರೂಢಿಯ ಅರ್ಥ. ಇಂದು ನಮ್ಮ ಮನೆಗಳಲ್ಲಿ ಎತ್ತುಗಳಿಲ್ಲ. ಆದರೆ ಮುಂದಿನ ಮೂರು ವರ್ಷದ ಸಂಬಳವನ್ನು ಇಂದೇ ಖರ್ಚು ಮಾಡಿ ಆ ಹೇರನ್ನು ನಮ್ಮ ಬೆನ್ನಿಗೇ ಕಟ್ಟಿಕೊಳ್ಳುವುದನ್ನು ಕಲಿತಿದ್ದೇವೆ. ಆಯಕ್ಕೆ ತಕ್ಕ ವ್ಯಯವನ್ನು ಗೃಹಸ್ಥನ ಯೋಗ್ಯತೆಗಳಲ್ಲಿ ಒಂದಾಗಿ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಎಣಿಸಿರುವುದು ಲೆಕ್ಕ ಬಲ್ಲವರ ಮಾತೇ ಆಗಿದೆ.

ಎರಡನೆಯ ಭಾಗವು ಲಾಭಾಂತರಾಯ ಕರ್ಮದ ಉದಯಕಾಲದ್ದು. ಮೈಮುರಿದು ದುಡಿಯಬಲ್ಲವನಿಗೂ ದುಡಿಮೆ ದೊರೆಯದ ಕಾಲವೊಂದು ಬರಬಹುದು. ಅದು ಅವನ ಚಾರಿತ್ರ್ಯದ ಸೋಲಲ್ಲ. ಆಶ್ರಿತರ ಹೊಟ್ಟೆಗೆ ಅನ್ನ ಹಾಕಲೆಂದು, ನೌಕರಿ ದೊರೆತೀತೆಂಬ ನ್ಯಾಯವಾದ ನಂಬಿಕೆಯಿಂದ ಮಾಡಿದ ಸಾಲ ಕಳವಲ್ಲ. ಖರ್ಚನ್ನು ಆಗಲೇ ಕಡಿಮೆ ಮಾಡದೆ, ಊರಿಗೆ ಬರಲು ನಾಚಿ, ದೊಡ್ಡ ಬಾಡಿಗೆಯ ಮನೆಯಲ್ಲೇ ಉಳಿದದ್ದು ಪ್ರಮಾದ.

ಮೂರನೆಯ ಭಾಗದ ಬಗ್ಗೆ ನಾನು ಮೃದುವಾಗಿ ಮಾತನಾಡಿದೆನಾದರೂ ಮುಚ್ಚಿಟ್ಟು ಮಾತನಾಡಲಿಲ್ಲ. ಇಲ್ಲದ ನೌಕರಿಯನ್ನು ಬರೆದುಕೊಟ್ಟದ್ದು ಕೂಟಲೇಖಕ್ರಿಯೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಅದು ಹೆಸರಿಸಲ್ಪಟ್ಟಿದೆ. ಅದರಿಂದ ಬಂದ ಹಣವು ಅಚೌರ್ಯಕ್ಕೂ ಮಲಿನತೆ ತಂದಿತು. “ತಮ್ಮಾ, ನೀನು ಕಳ್ಳನಲ್ಲ, ಆದರೆ ಈ ಭಾಗದಲ್ಲಿ ವ್ರತಕ್ಕೆ ಪೆಟ್ಟು ಬಿದ್ದಿದೆ. ಅದು ಅತಿಚಾರವೋ ಅನಾಚಾರವೋ ಎಂಬುದನ್ನು ಹೇಳಲು ನಾನು ಅಧಿಕಾರಿಯಲ್ಲ. ಗುರುಗಳ ಸನ್ನಿಧಿಯಲ್ಲಿ ಆಲೋಚನೆ ಮಾಡು, ಅವರು ಕೊಟ್ಟ ಪ್ರಾಯಶ್ಚಿತ್ತವನ್ನು ಸ್ವೀಕರಿಸು” ಎಂದೆನು. ಅವನು ಅತ್ತನು. ಆದರೆ ಅಂದೇ ಮೊದಲ ಬಾರಿಗೆ ನಿದ್ರೆ ಬಂತೆಂದು ಮರುದಿನ ಹೇಳಿದನು. ಎಲ್ಲವೂ ಪಾಪವೆಂದು ಕೊರಗುತ್ತಿದ್ದವನಿಗೆ, ಪಾಪವು ಎಲ್ಲಿಂದ ಎಲ್ಲಿಯವರೆಗೆ ಎಂಬ ಎಲ್ಲೆ ಕಾಣಿಸಿತು.

ಕೊಡಲಾರದವನಿಗೂ ಕೊಡಲೊಲ್ಲದವನಿಗೂ ಇರುವ ಭೇದವನ್ನು ನಮ್ಮ ದೇಶದ ಕಾನೂನೂ ಒಪ್ಪಿದೆ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಕೇವಲ ಬಡತನದಿಂದ ಡಿಕ್ರಿಯ ಹಣ ಕೊಡಲಾಗದವನನ್ನು ಸೆರೆಮನೆಗೆ ಕಳಿಸಲಾಗದೆಂದೂ, ಶಕ್ತಿಯಿದ್ದೂ ದುರುದ್ದೇಶದಿಂದ ಕೊಡದಿರುವುದು ಸಿದ್ಧವಾಗಬೇಕೆಂದೂ ತೀರ್ಪಿತ್ತರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಸಾಲಗಾರನ ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕಸುಬುದಾರನ ಉಪಕರಣ, ಧಾರ್ಮಿಕ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಆಭರಣ ಇವುಗಳನ್ನು ಜಪ್ತಿಯಿಂದ ಹೊರಗಿಟ್ಟಿದೆ. ಪ್ರಾಪ್ತವಯಸ್ಕ ಮಗನು ಮಾಡಿದ ಕಾರ್ಡಿನ ಸಾಲಕ್ಕೆ, ಜಾಮೀನು ಹಾಕದ ತಂದೆ ಹೊಣೆಯಲ್ಲ. ತಂದೆಯ ಸಾಲವನ್ನು ಮಗನು ತೀರಿಸಲೇಬೇಕೆಂಬ ಹಿಂದಿನ ನಿಯಮವನ್ನೂ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು, ಆನಂತರದ ಸಾಲಗಳ ಮಟ್ಟಿಗೆ, ತೆಗೆದುಹಾಕಿತು. ಈ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಹೆಂಡತಿಯ ಸ್ತ್ರೀಧನ ಹೆಂಡತಿಯದೇ. ಅವರು ಪ್ರೀತಿಯಿಂದ ಕೊಟ್ಟರೆ ಅದು ಅವರ ಔದಾರ್ಯ. ಕೇಳುವ ಹಕ್ಕು ಯಾರಿಗೂ ಇಲ್ಲ.

ದಿವಾಳಿಯ ಮಾತಿಗೆ ಬರೋಣ. ‘ಪಾಪರ್ ಚೀಟಿ ತೆಗೆದ’ ಎಂಬ ಮಾತು ನಮ್ಮ ಪೇಟೆಯಲ್ಲಿ ಬೈಗುಳಕ್ಕೆ ಸಮ. ಮುಂಬಯಿ, ಕಲಕತ್ತಾ, ಮದ್ರಾಸು ನಗರಗಳಿಗೆ 1909ರ ಕಾಯಿದೆಯೂ, ಉಳಿದೆಡೆಗಳಿಗೆ 1920ರ ಪ್ರಾಂತೀಯ ದಿವಾಳಿ ಕಾಯಿದೆಯೂ ಬಂದವು. 2016ರ ಹೊಸ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಒಂದು ಭಾಗವಿದೆ. ಆದರೆ 1 ಡಿಸೆಂಬರ್ 2019ರಿಂದ ಅದು ಜಾರಿಯಾದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ. ನೌಕರಿ ಕಳೆದುಕೊಂಡ ಸಾಮಾನ್ಯ ಗೃಹಸ್ಥನಿಗೆ ನೂರು ವರ್ಷದ ಹಿಂದಿನ ಕಾಯಿದೆಯೇ ದಾರಿ. ಅರ್ಜಿ ಹಾಕಲು ಸಾಲವು ಕನಿಷ್ಠ 500 ರೂಪಾಯಿ ಇರಬೇಕೆಂದು ಅದರಲ್ಲಿ ಬರೆದಿದೆ. ಇದರಿಂದಲೇ ಅದರ ವಯಸ್ಸು ತಿಳಿಯುತ್ತದೆ. ನ್ಯಾಯಾಲಯವು ದಿವಾಳಿಯೆಂದು ಘೋಷಿಸಿದರೆ ಆಸ್ತಿಯು ರಿಸೀವರನ ಕೈಸೇರಿ ಸಾಲಿಗರಿಗೆ ಹಂಚಿಕೆಯಾಗುತ್ತದೆ. ಮುಂದೆ ಋಣಮುಕ್ತಿಯ ಆಜ್ಞೆ ದೊರೆಯಬಹುದು. ಆದರೆ ವಂಚನೆಯಿಂದ ಮಾಡಿದ ಸಾಲಕ್ಕೆ ಆ ಮುಕ್ತಿ ಅನ್ವಯಿಸದು. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಬೇಕಾದ ಒಬ್ಬ ಸಾಲಿಗನಿಗೆ ಪಕ್ಷಪಾತದಿಂದ ಕೊಟ್ಟದ್ದೂ ನಿಲ್ಲದು.

ಈ ಕಾಯಿದೆಯ ಆಶ್ರಯ ಪಡೆಯುವುದು ಅಧರ್ಮವೇ? ಅಲ್ಲವೆಂದು ನನ್ನ ಅಭಿಪ್ರಾಯ. ಇದ್ದುದೆಲ್ಲವನ್ನೂ ಬಿಚ್ಚಿ ತೋರಿಸಿ, ಎಲ್ಲ ಸಾಲಿಗರನ್ನೂ ಸಮವಾಗಿ ಕಂಡು, ‘ಇಷ್ಟೇ ಇದೆ’ ಎಂದು ಹೇಳುವುದರಲ್ಲಿ ಸತ್ಯವೂ ಇದೆ, ಅಪರಿಗ್ರಹವೂ ಇದೆ. ಅಧರ್ಮವಿರುವುದು ಅರ್ಜಿಗೆ ಮೊದಲು ಹೊಲವನ್ನು ತಮ್ಮನ ಹೆಸರಿಗೂ ಬಂಗಾರವನ್ನು ಮಾವನ ಮನೆಗೂ ಸಾಗಿಸುವುದರಲ್ಲಿ.

ಬಿ.ಕಾಂ. ತರಗತಿಯಲ್ಲಿ ಓದಿದ ವಾಣಿಜ್ಯ ಕಾನೂನಿನ ಒಂದು ಅಂಶ ನನ್ನ ಮನಸ್ಸಿನಲ್ಲಿ ಇಂದಿಗೂ ನಿಂತಿದೆ. ಸಾಮಾನ್ಯವಾಗಿ ಮೂರು ವರ್ಷ ಕಳೆದರೆ ಸಾಲದ ದಾವೆಗೆ ಅವಧಿ ಮೀರುತ್ತದೆ. ಆದರೆ 1872ರ ಕರಾರು ಕಾಯಿದೆಯ 25ನೆಯ ಕಲಮಿನ ಮೂರನೆಯ ಉಪವಿಧಿಯಂತೆ, ಅವಧಿ ಮೀರಿದ ಸಾಲವನ್ನು ಕೊಡುವೆನೆಂದು ಸಹಿ ಮಾಡಿ ಬರೆದುಕೊಟ್ಟರೆ, ಹೊಸ ಪ್ರತಿಫಲವಿಲ್ಲದಿದ್ದರೂ ಆ ಕರಾರು ಊರ್ಜಿತ. ಇದರ ಅರ್ಥವೇನು? ಕಾಲವು ಸಾಲಿಗನ ಕೈಯಿಂದ ನ್ಯಾಯಾಲಯದ ದಾರಿಯನ್ನು ಕಸಿದುಕೊಳ್ಳುವುದು. ಋಣವು ಮಾತ್ರ ಇದ್ದಲ್ಲಿಯೇ ಇರುವುದು.

ಇದಕ್ಕೆ ನಾನು ಕಂಡ ಒಂದು ನಿದರ್ಶನ. ನಾನು ಅಂಗಡಿಯ ಗಾದಿಯ ಮೇಲೆ ಕುಳಿತ ಹೊಸದರಲ್ಲಿ ನಮ್ಮ ಪೇಟೆಯ ಒಬ್ಬ ಅರಳೆ ವ್ಯಾಪಾರಿ ನಷ್ಟದಲ್ಲಿ ಮುಳುಗಿದರು. ಪಂಚರು ಕೂಡಿ ರೂಪಾಯಿಗೆ ಎಂಟಾಣೆಯಂತೆ ಫೈಸಲಾ ಮಾಡಿದರು. ನನ್ನ ತಂದೆಯವರೂ ಒಪ್ಪಿ ಖಾತೆ ಮುಚ್ಚಿದರು. ಹದಿನಾರು ವರ್ಷಗಳ ನಂತರ ಆ ವ್ಯಾಪಾರಿಯ ಮಗ ಒಂದು ದಿನ ಬಂದು ಉಳಿದ ಎಂಟಾಣೆಯ ಲೆಕ್ಕದ ಹಣವನ್ನು ಗಾದಿಯ ಮೇಲೆ ಇಟ್ಟರು. ತಂದೆಯವರು “ಬಿಟ್ಟದ್ದನ್ನು ಮತ್ತೆ ಹೇಗೆ ತೆಗೆದುಕೊಳ್ಳಲಿ?” ಎಂದು ಕೈಮುಗಿದರು. ಕೊನೆಗೆ ಆ ಹಣ ಇಬ್ಬರ ಒಪ್ಪಿಗೆಯಿಂದ ಊರ ಪಾಂಜರಪೋಳಕ್ಕೆ ಹೋಯಿತು. ಅಂದು ಇಬ್ಬರಲ್ಲಿ ಯಾರು ದೊಡ್ಡವರು ಎಂಬುದನ್ನು ಇಂದಿಗೂ ನಿರ್ಣಯಿಸಲಾರೆ.

ಈಗ ಒಂದು ಆಕ್ಷೇಪ. “ಅಂದು ಕೊಟ್ಟವನೂ ಮನುಷ್ಯ, ಪಡೆದವನೂ ಮನುಷ್ಯ. ಕಾರ್ಡು ಕೊಟ್ಟದ್ದು ಮುಖವಿಲ್ಲದ ಸಂಸ್ಥೆ. ಅದರ ಬಡ್ಡಿಯೋ ಸುಲಿಗೆ. ಅಂಥವರಿಗೆ ಕೊಡದಿದ್ದರೆ ಯಾವ ಪಾಪ?” ಎಂದು ಕೇಳುವವರಿದ್ದಾರೆ. ಇದರಲ್ಲಿ ಅರ್ಧ ಸತ್ಯವಿದೆ. ಅದನ್ನು ಮೊದಲು ಒಪ್ಪಿಕೊಳ್ಳೋಣ.

ಅನೇಕ ಕಾರ್ಡುಗಳಲ್ಲಿ ಬಡ್ಡಿಯು ತಿಂಗಳಿಗೆ ಶೇಕಡಾ 3.5ರ ಆಸುಪಾಸಿನಲ್ಲಿರುತ್ತದೆ, ವರ್ಷಕ್ಕೆ ಶೇಕಡಾ 42. ಆ ಬಡ್ಡಿಯ ಮೇಲೆ ಶೇಕಡಾ 18 ಜಿ.ಎಸ್.ಟಿ. ಎರಡು ಲಕ್ಷ ರೂಪಾಯಿ ಬಾಕಿಗೆ ತಿಂಗಳ ಬಡ್ಡಿ 7,000, ತೆರಿಗೆ 1,260, ಒಟ್ಟು 8,260. ‘ಕನಿಷ್ಠ ಪಾವತಿ’ ಎಂದು ಶೇಕಡಾ 5ರಂತೆ 10,000 ಕಟ್ಟಿದವನ ಅಸಲಿನಲ್ಲಿ ಇಳಿಯುವುದು 1,740 ಮಾತ್ರ. ಪೂರ್ತಿ ಬಾಕಿ ಕಟ್ಟದಿದ್ದವನಿಗೆ ಹೊಸ ಖರೀದಿಯ ಮೇಲಿನ ಬಡ್ಡಿರಹಿತ ದಿನಗಳೂ ಇಲ್ಲ. ನಗದು ತೆಗೆದರೆ ಅಂದಿನಿಂದಲೇ ಬಡ್ಡಿ. ವರ್ಷಕ್ಕೆ ಶೇಕಡಾ 30ನ್ನು ಮೀರಿದ ಬಡ್ಡಿ ಅನ್ಯಾಯದ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ಹೇಳಿತ್ತು. ಸರ್ವೋಚ್ಚ ನ್ಯಾಯಾಲಯವು ಡಿಸೆಂಬರ್ 2024ರಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಕಾನೂನು ತಡೆಯಲಿಲ್ಲವೆಂದ ಮಾತ್ರಕ್ಕೆ ಅತಿಲೋಭವು ಧರ್ಮವಾಗದು. ಈ ಮಾತು ಬ್ಯಾಂಕಿಗೆ ಎಷ್ಟು ಅನ್ವಯಿಸುವುದೋ, ಕೈಬಡ್ಡಿಯ ವ್ಯವಹಾರ ಮಾಡುವ ನಮ್ಮವರಿಗೂ ಅಷ್ಟೇ ಅನ್ವಯಿಸುವುದು.

ಆದರೆ ಕೊಟ್ಟವನ ಲೋಭವು ಪಡೆದವನ ವಚನವನ್ನು ರದ್ದು ಮಾಡಲಾರದು. ವ್ರತವನ್ನು ನಾವು ಸ್ವೀಕರಿಸಿದ್ದು ನಮ್ಮ ಆತ್ಮಶುದ್ಧಿಗಾಗಿ. ಎದುರಾಳಿಯ ಯೋಗ್ಯತೆ ನೋಡಿ ಅಲ್ಲ. ಬಡ್ಡಿಯನ್ನು ಕಡಿಮೆ ಮಾಡೆಂದು ಜಗಳವಾಡುವುದು ನ್ಯಾಯ. ಬಾಕಿಯೇ ಇಲ್ಲವೆಂಬಂತೆ ಫೋನು ಬದಲಿಸಿ, ವಿಳಾಸ ಬದಲಿಸಿ ಅಡಗುವುದು ನ್ಯಾಯವಲ್ಲ.

ಹಾಗಾದರೆ ಕೆಲಸವಿಲ್ಲದ ಸಾಲಗಾರನು ಮಾಡತಕ್ಕದ್ದೇನು? ನಮ್ಮ ತತ್ತ್ವಗಳಲ್ಲಿ ಆಸ್ರವ, ಸಂವರ, ನಿರ್ಜರೆಗಳ ಕ್ರಮವನ್ನು ಬಾಲಕರೂ ಬಲ್ಲರು. ನೀರು ನುಗ್ಗುವ ದೋಣಿಯಲ್ಲಿ ಮೊದಲು ತೂತು ಮುಚ್ಚಬೇಕು, ಆಮೇಲೆ ನೀರು ತೋಡಬೇಕು. ಸಾಲಕ್ಕೂ ಇದೇ ಕ್ರಮ.

ಮೊದಲನೆಯದು ಸಂವರ: ಅಂದಿನಿಂದಲೇ ಹೊಸ ಸಾಲಕ್ಕೆ ಪ್ರತ್ಯಾಖ್ಯಾನ. ಒಂದು ಕಾರ್ಡಿನಿಂದ ಇನ್ನೊಂದನ್ನು ತೀರಿಸುವುದು, ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಿಗುವ ಸಾಲವನ್ನು ಪಡೆಯುವುದು, ಇವು ಹೊಸ ತೂತುಗಳು.

ಎರಡನೆಯದು ಆಲೋಚನೆ: ಮನೆಯವರೆಲ್ಲರ ಮುಂದೆ ಕುಳಿತು ಇದ್ದುದನ್ನು ಇದ್ದಂತೆ ಹೇಳುವುದು. ಆ ತರುಣನ ಹೆಂಡತಿಗೆ ಬಾಕಿಯ ಮೊತ್ತ ತಿಳಿದದ್ದು ನಮ್ಮ ಮನೆಯ ಪಡಸಾಲೆಯಲ್ಲಿ. ಆ ಹೆಣ್ಣುಮಗಳು ಸಿಟ್ಟಾದದ್ದು ಸಾಲಕ್ಕಲ್ಲ. ಹನ್ನೊಂದು ತಿಂಗಳು ತನ್ನಿಂದ ಮುಚ್ಚಿಟ್ಟದ್ದಕ್ಕೆ.

ಮೂರನೆಯದು ಅನ್ನ, ಔಷಧ, ಮಕ್ಕಳ ವಿದ್ಯೆ, ತಲೆಯ ಮೇಲಿನ ಸೂರು ಇವುಗಳನ್ನು ತೆಗೆದಿರಿಸುವುದು. ಆಶ್ರಿತರನ್ನು ಉಪವಾಸ ಕೆಡವಿ ಬಡ್ಡಿ ಕಟ್ಟುವುದು ಅಹಿಂಸೆಯಲ್ಲ. ಮನೆಗೆಲಸದವರ ಪಗಾರವನ್ನೂ ಇದರಲ್ಲಿಯೇ ಎಣಿಸತಕ್ಕದ್ದು.

ನಾಲ್ಕನೆಯದು ನಿರ್ಜರೆ: ಸಾಲ ಕೊಟ್ಟ ಪ್ರತಿಯೊಂದು ಸಂಸ್ಥೆಗೂ ಲಿಖಿತವಾಗಿ ಸ್ಥಿತಿಯನ್ನು ತಿಳಿಸಿ, ಕಾರ್ಡು ಮುಚ್ಚಿಸಿ, ಕಂತುಗಳಲ್ಲಿ ತೀರಿಸಲು ಅವಕಾಶ ಕೇಳುವುದು. ಕೆಲವೊಮ್ಮೆ ಕಡಿಮೆ ಬಡ್ಡಿಯ ಕಂತು ದೊರೆಯುತ್ತದೆ. ಕೆಲವೊಮ್ಮೆ ಒಂದೇ ಗಂಟಿನಲ್ಲಿ ಕೊಟ್ಟರೆ ಉಳಿದದ್ದನ್ನು ಬಿಡುತ್ತಾರೆ. ಏನೇ ಆದರೂ ಕಾಗದದ ಮೇಲೆ ಆಗತಕ್ಕದ್ದು. ಹಾಗೆ ಬಿಡಿಸಿಕೊಂಡದ್ದು ಸಾಲದ ಇತಿಹಾಸದ ವರದಿಯಲ್ಲಿ ದಾಖಲಾಗಿ, ಮುಂದೆ ಸಾಲ ಸಿಗುವುದು ಕಠಿಣವಾಗುತ್ತದೆ. ಅದನ್ನು ತಿಳಿದೇ ಒಪ್ಪಬೇಕು. ವಸೂಲಿಗೆ ಬರುವವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು, ಬೆದರಿಸಬಾರದು, ಬಂಧುಗಳೆದುರು ಮಾನ ಕಳೆಯಬಾರದು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ಖಚಿತಪಡಿಸಿದೆ. ಮೀರಿದರೆ ಬ್ಯಾಂಕಿಗೆ ಬರೆದು ದೂರು ಕೊಟ್ಟು, ಮೂವತ್ತು ದಿನಗಳಲ್ಲಿ ಪರಿಹಾರವಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಲ್ಲಿಗೆ ಹೋಗಬಹುದು. ಸಾಲಗಾರನಾದ ಮಾತ್ರಕ್ಕೆ ಮನುಷ್ಯನು ಮರ್ಯಾದೆಗೆ ಎರವಾಗುವುದಿಲ್ಲ.

ಇನ್ನೊಂದು ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಎರಡನೆಯ ರಾತ್ರಿ ಆ ತರುಣನು ತನ್ನ ಜೀವವಿಮೆಯ ಮೊತ್ತವೆಷ್ಟೆಂದು ತಾನಾಗಿಯೇ ಹೇಳಿದನು. ವ್ಯಾಪಾರಿಯ ಕಿವಿಗೆ ಆ ಲೆಕ್ಕ ಅರ್ಥವಾಯಿತು. ನೇರವಾಗಿ ಕೇಳಿದೆನು; ಅವನು ಅಲ್ಲಗಳೆಯಲಿಲ್ಲ. ಸಾಯುವುದರಿಂದ ಋಣ ತೀರದು. ಕಷಾಯದ ಆವೇಶದಲ್ಲಿ, ಆರ್ತಧ್ಯಾನದಲ್ಲಿ ದೇಹ ಬಿಡುವುದು ಮಹಾಹಿಂಸೆ. ಸಲ್ಲೇಖನದ ಪವಿತ್ರ ಹೆಸರನ್ನು ಅದರ ಹತ್ತಿರ ತರಲೂ ಬಾರದು. ಆದರೆ ಆ ಹೊತ್ತಿನಲ್ಲಿ ಶಾಸ್ತ್ರದ ಉಪನ್ಯಾಸ ಮಾಡಲಿಲ್ಲ; ಅವನನ್ನು ಆ ರಾತ್ರಿ ನಮ್ಮಲ್ಲೇ ಮಲಗಿಸಿಕೊಂಡೆನು, ಬೆಳಿಗ್ಗೆ ಅವನ ತಂದೆಯವರನ್ನು ಕರೆಸಿದೆನು, ವೈದ್ಯರ ಬಳಿಗೆ ಕರೆದೊಯ್ದೆವು. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು. ಓದುಗರು ಈ ಸಂಖ್ಯೆಯನ್ನು ಬಸದಿಯ ಸೂಚನಾ ಫಲಕದ ಮೇಲೆ ಬರೆಸಬೇಕೆಂದು ಪ್ರಾರ್ಥನೆ.

ಇನ್ನು ನನ್ನ ಸ್ವಂತ ನಿವೇದನೆ. ಮೂರನೆಯ ಭಾಗದ ಲೆಕ್ಕದಲ್ಲಿ 21,000 ರೂಪಾಯಿಯ ಒಂದು ಸಾಲು ಇತ್ತು. ಅದು ನಮ್ಮ ಬಸದಿಯ ಟ್ರಸ್ಟಿಗೆ ಸಂದದ್ದು. ವಾರ್ಷಿಕ ಪೂಜೆಯಲ್ಲಿ ಪ್ರಥಮ ಕಲಶದ ಸವಾಲು ನಡೆದಾಗ, ಧ್ವನಿವರ್ಧಕ ಹಿಡಿದು ಕೂಗುತ್ತಿದ್ದವನು ನಾನೇ. ಟ್ರಸ್ಟಿನ ಕೋಶಾಧಿಕಾರಿಯೂ ನಾನೇ. ಸವಾಲು ಹನ್ನೊಂದು ಸಾವಿರಕ್ಕೆ ನಿಂತಾಗ, “ಬೆಂಗಳೂರಿನಿಂದ ಬಂದ ನಮ್ಮ ಇಂಜಿನಿಯರರು ಸುಮ್ಮನೆ ಕುಳಿತಿದ್ದಾರಲ್ಲ!” ಎಂದು ಅವನ ಹೆಸರು ಹಿಡಿದು ಕರೆದೆನು. ಜನ ನಕ್ಕು ತಿರುಗಿ ನೋಡಿದರು. ತಂದೆಯವರು ಪಕ್ಕದಲ್ಲಿ ಕುಳಿತಿದ್ದರು. ನೌಕರಿ ಹೋದ ವಿಷಯ ಊರಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವನು ಕೈ ಎತ್ತಿದನು. ಮರುದಿನ ಕಾರ್ಡಿನಿಂದ ನಗದು ತೆಗೆದು ತಂದುಕೊಟ್ಟನು. ರಸೀದಿ ಬರೆದದ್ದು ಈ ಕೈಯೇ.

ದಾನದ ಲಕ್ಷಣ ಹೇಳುವಾಗ ಉಮಾಸ್ವಾಮಿಗಳು ‘ಸ್ವ’ ಎಂಬ ಪದವನ್ನು ಇರಿಸಿದ್ದಾರೆ. ತನ್ನದನ್ನು ಬಿಟ್ಟುಕೊಡುವುದು ದಾನ. ಸಾಲದ ಹಣ ‘ಸ್ವ’ ಅಲ್ಲ. ಹಾಗಾದರೆ ಅಂದು ಆದದ್ದು ದಾನವೇ? ಟ್ರಸ್ಟಿನ ಸಭೆಯಲ್ಲಿ ಈ ವಿಷಯವಿಟ್ಟಾಗ ದೊಡ್ಡ ಚರ್ಚೆಯಾಯಿತು. ಕೆಲವರು ಹಣ ಹಿಂದಿರುಗಿಸಬೇಕೆಂದರು. ದೇವದ್ರವ್ಯವನ್ನು ಗೃಹಸ್ಥನಿಗೆ ಕೊಡುವುದೂ ಅವನು ಅದನ್ನು ಬಳಸುವುದೂ ಮಹಾದೋಷವೆಂದು ಹಿರಿಯರು ಹೇಳಿದರು. ಟ್ರಸ್ಟಿನ ಹಣವನ್ನು ಮನಬಂದಂತೆ ಹಿಂದಿರುಗಿಸುವಂತಿಲ್ಲವೆಂದು ಲೆಕ್ಕಪರಿಶೋಧಕರೂ ತಿಳಿಸಿದರು. ಎರಡೂ ಕಡೆ ಧರ್ಮವಿತ್ತು. ಕೊನೆಗೆ ದೇವದ್ರವ್ಯವನ್ನು ಮುಟ್ಟದೆ, ಅಂದು ನಕ್ಕವರಲ್ಲಿ ಏಳು ಜನ ಸೇರಿ ಅಷ್ಟೇ ಹಣವನ್ನು ಸ್ವಂತದಿಂದ ಕೂಡಿಸಿ, ನೇರವಾಗಿ ಅವನ ಕಾರ್ಡಿನ ಖಾತೆಗೆ ಕಟ್ಟಿದೆವು. ಅವನು ಅದನ್ನು ಬಡ್ಡಿಯಿಲ್ಲದ ಕೈಗಡವೆಂದು ಬರೆದುಕೊಂಡಿದ್ದಾನೆ. ನಾವು ಪ್ರಾಯಶ್ಚಿತ್ತವೆಂದು ಬರೆದುಕೊಂಡಿದ್ದೇವೆ. ನಮ್ಮ ಬಸದಿಯಲ್ಲಿ ಈಗ ಸವಾಲಿನ ಹೊತ್ತಿಗೆ ಯಾರ ಹೆಸರನ್ನೂ ಹಿಡಿದು ಕರೆಯುವುದಿಲ್ಲ. ಒಂದು ಕಲಶವನ್ನು ಚೀಟಿ ಎತ್ತಿ, ಹಣವಿಲ್ಲದೆ, ಒಂದು ಕುಟುಂಬಕ್ಕೆ ಕೊಡಲಾಗುತ್ತದೆ.

ಆ ತರುಣನು ಈಗ ಹುಬ್ಬಳ್ಳಿಯಲ್ಲಿ ಒಂದು ಬಟ್ಟೆ ಸಗಟು ಅಂಗಡಿಯ ಲೆಕ್ಕ ಮತ್ತು ಕಂಪ್ಯೂಟರಿನ ಕೆಲಸಕ್ಕೆ ಸೇರಿದ್ದಾನೆ. ಪಗಾರ ಮೊದಲಿನ ಕಾಲುಭಾಗವೂ ಅಲ್ಲ. ದಿವಾಳಿಯ ಅರ್ಜಿ ಹಾಕುವ ಅಗತ್ಯ ಬೀಳಲಿಲ್ಲ. ಒಂದು ಬ್ಯಾಂಕು ಕಂತು ಮಾಡಿಕೊಟ್ಟಿತು. ಇನ್ನೊಂದು, ಸ್ಥಿತಿ ತಿಳಿದು, ಒಂದು ಭಾಗವನ್ನು ಬಿಟ್ಟುಕೊಟ್ಟಿತು. ನಿಜವನ್ನು ತಿಳಿದು ಬಿಟ್ಟದ್ದು ಕೊಟ್ಟದ್ದಕ್ಕೆ ಸಮ; ಅದನ್ನು ಅವನು ನಿರ್ಮಲ ಮನಸ್ಸಿನಿಂದ ಸ್ವೀಕರಿಸಬಹುದೆಂದೆನು. ಸುಳ್ಳು ಅರ್ಜಿಯಿಂದ ಪಡೆದ ಮೂರನೆಯ ಕಾರ್ಡಿಗೆ ಮಾತ್ರ ರಿಯಾಯಿತಿ ಕೇಳಬೇಡವೆಂದೆನು. ನಿಜ ತಿಳಿಯದವನು ಬಿಟ್ಟದ್ದು ಕೊಟ್ಟದ್ದಾಗದು. ಅದನ್ನು ಪೂರ್ತಿ ಕಟ್ಟುತ್ತಿದ್ದಾನೆ. ಆ ಸುಳ್ಳನ್ನು ಬ್ಯಾಂಕಿಗೆ ಬರೆದು ತಿಳಿಸಿದನೇ ಎಂದರೆ, ಇಲ್ಲ. ಕ್ರಿಮಿನಲ್ ಮೊಕದ್ದಮೆಯಾಗಬಹುದೆಂದು ವಕೀಲರು ತಡೆದರು, ನಾನೂ ಸುಮ್ಮನಾದೆನು. ಹಣದ ಋಣ ತೀರಿದರೂ ಸತ್ಯದ ಋಣ ಅಷ್ಟು ಉಳಿಯಿತೆಂದೇ ನನ್ನ ಎಣಿಕೆ. ಅದರಲ್ಲಿ ನನ್ನ ಪಾಲೂ ಇದೆ.

ಟ್ರಸ್ಟುಗಳ ಧರ್ಮದರ್ಶಿಗಳಲ್ಲಿ ನನ್ನದೊಂದು ವಿಜ್ಞಾಪನೆ. ಊರಿನ ಇಬ್ಬರು ಲೆಕ್ಕ ಬಲ್ಲವರನ್ನೂ ಒಬ್ಬ ವಕೀಲರನ್ನೂ ಗೊತ್ತುಮಾಡಿ, ತಿಂಗಳಿಗೊಂದು ದಿನ, ಸಾಲದಲ್ಲಿ ಸಿಕ್ಕವರು ಗುಟ್ಟಾಗಿ ಬಂದು ಮಾತನಾಡಲು ಒಂದು ಕೋಣೆಯನ್ನು ತೆರೆದಿಡಿರಿ. ಖರ್ಚು ಏನೂ ಇಲ್ಲ. ಮುಂದಿನ ಕ್ಷಮಾವಣಿಗೆ ಇನ್ನೂ ಕಾಲವಿದೆ. ಅಂದು ಎದುರಿಗೆ ಸಿಕ್ಕವರ ಕ್ಷಮೆ ಕೇಳುವ ಮೊದಲು, ಯಾರಿಗೆ ಕೊಡತಕ್ಕದ್ದಿದೆಯೋ ಅವರಿಗೊಂದು ಕಾಗದ ಬರೆಯೋಣ. ಯಾರಿಂದ ಬರತಕ್ಕದ್ದಿದೆಯೋ ಅವರ ಮನೆಯಲ್ಲಿ ಒಲೆ ಹತ್ತಿದೆಯೇ ಎಂದು ವಿಚಾರಿಸೋಣ.